ಯಾರೂ ಮುಯ್ಯಾಳಿಗೆ ಕರೆಯದ ಆಟಗಾರ

ಗುರುಪುರದ ಶಶಿಕುಮಾರನ ಹೊಲದಲ್ಲಿ ಅವತ್ತು ಹನ್ನೆರಡು ಜನ ಬಗ್ಗಿಕೊಂಡು ಹೊಗೆಸೊಪ್ಪಿನ ಸಸಿ ನೆಡುತ್ತಿದ್ದರು. ಹೊಲದ ಯಜಮಾನ ಶಶಿಕುಮಾರ ಮಾತ್ರ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕುರ್ಚಿಯೂ ಅವನದಲ್ಲ! ಆ ಹನ್ನೆರಡು ಜನರೇ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಿಂದ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರು, ಜೊತೆಗೆ ಒಂದು ಛತ್ರಿ, ಒಂದು ಫ್ಲಾಸ್ಕ್ ಟೀ, ಮಂಡಿಗೆ ಕಟ್ಟಿಕೊಳ್ಳೋದಕ್ಕೆ ಒಂದು ಕ್ರೇಪ್ ಬ್ಯಾಂಡೇಜು.

"ಒಂದ್ ಸಾಲು ನಾನೂ ನೆಡ್ತೀನಿ ಬುಡ್ರಲಾ," ಅಂತ ಶಶಿಕುಮಾರ ಎದ್ದ.

"ಕೂತ್ಕೊ ಕಣಣ್ಣ," ಅಂದ ತೇಜಸ್, ರಾವಂದೂರು ಹಾಕಿ ಟೀಮಿನ ಫುಲ್‌ಬ್ಯಾಕ್. "ನಿನ್ ಸೊಂಟ ಇಡ್ಕೊಂಡ್ರೆ ನಮ್ ಕಪ್ಪು ಓಯ್ತದೆ."

"ಬಂದಿದ್ದಾದ್ರೂ ಯಾವಾಗ್ಲಾ, ಓಗಕ್ಕೆ?" ಅಂತ ಆಚೆ ಸಾಲಿನಿಂದ ಇನ್ನೊಬ್ಬ ಕೂಗಿದ. ಹನ್ನೆರಡು ಜನವೂ ನಕ್ಕರು. ಶಶಿಕುಮಾರನೂ ನಕ್ಕ, ಆದರೆ ಅವನ ನಗು ಹೊಲಕ್ಕಿಳಿಯುವ ಹೊತ್ತಿಗೆ ಅವರ ನಗು ಮುಗಿದು ಎಲ್ಲರೂ ಮತ್ತೆ ಬಗ್ಗಿದ್ದರು.

ಇದೆಲ್ಲ ಶುರುವಾಗಿದ್ದು ಎರಡು ವರ್ಷದ ಹಿಂದೆ. ಶಶಿಕುಮಾರ ಹುಡುಗನಾಗಿದ್ದಾಗ ಕೊಡಗಿನ ಕಾಫಿ ತೋಟದಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದವನು. ಅಲ್ಲಿ ಮಕ್ಕಳು ನಡೆಯೋದಕ್ಕೆ ಮುಂಚೆ ಸ್ಟಿಕ್ ಹಿಡಿಯುತ್ತವೆ ಅನ್ನುತ್ತಾರಲ್ಲ, ಇವನೂ ಹಾಗೇ ಹಿಡಿದ. ಅಪ್ಪ ತೀರಿಕೊಂಡ ಮೇಲೆ ಮೂರು ಎಕರೆ ಹೊಲ ನೋಡಿಕೊಳ್ಳೋದಕ್ಕೆ ಊರಿಗೆ ಬಂದ. ಆಟ ಮಾತ್ರ ಬಿಡಲಿಲ್ಲ, ಕರೆದ ಟೀಮಿಗೆ ಆಡುತ್ತಿದ್ದ. ಪಿರಿಯಾಪಟ್ಟಣದಲ್ಲಿ ಆಗಸ್ಟ್ ಹದಿನೈದಕ್ಕೆ ನಡೆದ ಕಪ್ಪಿನ ಫೈನಲ್ಲಿನಲ್ಲಿ ರಾವಂದೂರಿನವರ ಮೇಲೆ ಒಬ್ಬನೇ ಮೂರು ಗೋಲು ಹೊಡೆದ, ಮೂರನೆಯದಂತೂ ಅರ್ಧ ಮೈದಾನದಿಂದ ಒಬ್ಬನೇ ತಂದಿದ್ದು! ಮಾರನೇ ದಿನವೇ ಅವನ ಮನೆ ಮುಂದೆ ಬೈಕುಗಳ ಸಾಲು. ಕೊಡಗಿನ ಒಂದು ಟೀಮಿನವರು ವರ್ಷಕ್ಕೆ ಎರಡು ಲಕ್ಷ ಕೊಡ್ತೀವಿ ಅಂದರು.

ರಾವಂದೂರು ಟೀಮಿನ ಹಿರಿಯರು ಕಬ್ಬಿಣದ ಅಂಗಡಿ ವೀರಭದ್ರಸ್ವಾಮಿ. ಅವರ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಇದ್ದದ್ದು ಹನ್ನೆರಡು ಜನ ಗಟ್ಟಿ ಆಳು. ಅವರು ಶಶಿಕುಮಾರನ ಜಗುಲಿಯಲ್ಲಿ ಕೂತು ಹೀಗೆ ಒಪ್ಪಂದ ಬರೆಸಿದರು: ಏಳು ವರ್ಷ ಶಶಿಕುಮಾರ ರಾವಂದೂರಿಗೇ ಆಡಬೇಕು, ಬೇರೆ ಯಾರಿಗೂ ಆಡಬಾರದು. ಅದಕ್ಕೆ ಬದಲಾಗಿ ಟೀಮಿನ ಹನ್ನೆರಡು ಜನ ವರ್ಷಕ್ಕೆ ಮೂವತ್ತು ದಿನ ಬಂದು ಅವನ ಹೊಲದ ನಾಟಿ, ಸೊಪ್ಪು ಮುರಿಯೋದು, ಒಣಗಿಸೋದಕ್ಕೆ ಕಡ್ಡಿಗೆ ಕಟ್ಟೋದು ಎಲ್ಲ ಮಾಡಿಕೊಡಬೇಕು. ಕೈಕಾಲಿಗೆ ಪೆಟ್ಟಾಗಬಾರದಲ್ಲ, ಅದಕ್ಕೆ ಅವನು ಹೊಲಕ್ಕೆ ಇಳಿಯಕೂಡದು. ಈಗಿನ ಕೂಲಿಯಲ್ಲಿ ಕೂಡಿಸಿದರೆ ಹದಿನೈದು ಲಕ್ಷದ ಮಾತು. ರಾವಂದೂರಿನ ಟೀ ಅಂಗಡಿಯಲ್ಲಿ ತಿಂಗಳುಗಟ್ಟಲೆ ಅದೇ ಜಗಳ. "ಒಬ್ಬನ ಮ್ಯಾಲೆ ಇಷ್ಟಾ?" ಅಂತ ಒಬ್ಬ, "ಒಬ್ಬನೇ ಅಲ್ವೇನ್ಲಾ ನಮ್ಮನ್ನ ಸೋಲ್ಸಿದ್ದು?" ಅಂತ ಇನ್ನೊಬ್ಬ.

ಶಶಿಕುಮಾರ ಖುಷಿಯಿಂದ ಸಹಿ ಹಾಕಿದ. ಸಹಿ ಹಾಕುವಾಗ ಒಂದು ವಿಷಯ ಅವನ ತಲೆಗೆ ಹೊಳೆಯಲೇ ಇಲ್ಲ.

ಗುರುಪುರದಲ್ಲಿ ನಾಟಿ ನಡೆಯೋದು ಮುಯ್ಯಾಳಿನಲ್ಲಿ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ, ಬರೆದಿಡೋದಿಲ್ಲ, ಮರೆಯೋದೂ ಇಲ್ಲ. ಎರಡು ದಿನ ಮುಂಚೆ ಸಂಜೆ ಹೊಲದವರು ಮನೆ ಮನೆಗೆ ಬಂದು, ಬಾಗಿಲಲ್ಲಿ ನಿಂತು, "ನಾಳಿದ್ದು ನಮ್ಮ ನಾಟಿ, ಬಂದ್ಬುಡ್ರಪ್ಪ" ಅಂತ ಕರೀಬೇಕು. ಕರೆಯದೆ ಹೋಗುವಂತಿಲ್ಲ. ಕರೆದರೆ ಹೋಗದೆ ಇರುವಂತಿಲ್ಲ. ಊರಿನ ಸುದ್ದಿ, ತಮಾಷೆ, ಹೆಣ್ಣು ಗಂಡು ನೋಡೋ ಮಾತು, ಒಬ್ಬರ ಕಾಲು ಇನ್ನೊಬ್ಬರು ಎಳೆಯೋದು ಎಲ್ಲ ಆ ಸಾಲುಗಳಲ್ಲೇ.

ಮೊದಲನೇ ವರ್ಷ ಶಶಿಕುಮಾರ ಯಾರನ್ನೂ ಕರೆಯಲಿಲ್ಲ, ಕರೆಯೋ ಅಗತ್ಯವೇ ಇರಲಿಲ್ಲ. ಆದ್ದರಿಂದ ಅವನನ್ನೂ ಯಾರೂ ಕರೆಯಲಿಲ್ಲ. ಎರಡನೇ ವರ್ಷ ಸಂಜೆಯಾದರೆ ಬಾಗಿಲ ಹತ್ತಿರವೇ ಕೂತು ಫೋನ್ ನೋಡುವವನಂತೆ ನಟಿಸುತ್ತಿದ್ದ. ಪಕ್ಕದ ಹೊಲದ ಚಲುವಯ್ಯ, ಇವನ ಅಪ್ಪನ ಕಾಲದಿಂದ ಮೊದಲು ಈ ಬಾಗಿಲಿಗೇ ಬರುತ್ತಿದ್ದವರು, ಎಡಗಡೆ ಮನೆಯಲ್ಲಿ ನಿಂತು ಕರೆದು, ಇವನ ಬಾಗಿಲು ದಾಟಿ, ಬಲಗಡೆ ಮನೆಯಲ್ಲಿ ನಿಂತು ಕರೆದರು. ಜಗಳವೇನೂ ಇಲ್ಲ. ಎದುರು ಸಿಕ್ಕರೆ "ಏನಪ್ಪಾ, ಊಟಾಯ್ತಾ?" ಅಂತಿದ್ದರು. ಅಷ್ಟೇ.

"ಕೈ ಕೆಸ್ರಾದ್ರೆ ಬಾಯಿ ಮೊಸ್ರು ಅಂತಾರೆ," ಅಂತ ತಾಯಿ ಸಾಕಮ್ಮ ಒಂದು ದಿನ ಅನ್ನ ಬಡಿಸುತ್ತಾ ಅಂದಿದ್ದಳು. "ನಿಂಗೆ ಕೆಸ್ರು ಯಾರ್ದೋ, ಮೊಸ್ರು ನಿಂದು. ಉಳಿ ಬಂದದೆ ಕಣ್ಲಾ ಆ ಮೊಸ್ರು. ನಾನ್ ಒಂದ್ ಮಾತಾಡಕ್ಕೆ ಜನ ಇಲ್ದೆ ಮೇಕೆ ಜೊತೆ ಮಾತಾಡ್ತಾ ಇದೀನಿ."

ಹೋಗಲಿ, ಆಟವಾದರೂ ಗೆದ್ದರೇ? ಅದೂ ಇಲ್ಲ! ಮೊದಲ ವರ್ಷ ಸೆಮಿಫೈನಲ್ಲಿನಲ್ಲಿ ಸೋಲು, ಎರಡನೇ ವರ್ಷ ಮೊದಲ ಮ್ಯಾಚಿನಲ್ಲೇ ಸೋಲು. ರಾವಂದೂರಿನವರು ಬಾಲು ಸಿಕ್ಕಿದ ಕೂಡಲೇ ಶಶಿಕುಮಾರನಿಗೆ ತಳ್ಳಿ ನಿಂತುಬಿಡುತ್ತಿದ್ದರು. ಅವನ ಸುತ್ತ ಎದುರು ಟೀಮಿನ ನಾಲ್ಕು ಜನ. ಪಾಸು ಕೊಡೋಣ ಅಂತ ತಿರುಗಿದರೆ ತನ್ನವರು ಯಾರೂ ಇಲ್ಲ, ಎಲ್ಲರೂ ದೂರದಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನೋಡುತ್ತಾ ನಿಂತಿರುತ್ತಿದ್ದರು. ತಾನು ಬದುವಿನ ಮೇಲೆ ಕೂತು ನೋಡುವ ಹಾಗೇ.

ಈ ಸಲದ ನಾಟಿಯಲ್ಲಿ, ಕುರ್ಚಿ ತಂದಿದ್ದ ಆ ಮೊದಲ ದಿನ, ಎರಡು ಎಕರೆ ಮುಗಿಯಿತು. ಉಳಿದ ಒಂದು ಎಕರೆ ನಾಳೆಗೆ ಅಂತ ಟೆಂಪೋ ಹೊರಟುಹೋಯಿತು. ಸಂಜೆ ಚಲುವಯ್ಯ ಬೀದಿಯಲ್ಲಿ ಬರುತ್ತಿದ್ದುದು ಕಂಡಿತು. ಎಡಗಡೆ ಮನೆ ಆಯಿತು. ಇವನ ಬಾಗಿಲು ದಾಟುವಾಗ ಶಶಿಕುಮಾರನಿಗೆ ತಡೆಯಲಾಗಲಿಲ್ಲ. ಎದ್ದು ಬೀದಿಗೇ ಇಳಿದ.

"ಚಲುವಯ್ಯಣ್ಣ, ನಾಟಿ ಯಾವತ್ತು?"

"ನಾಳಿದ್ದು ಕಣಪ್ಪ."

"ನಾನೂ ಬತ್ತೀನಿ."

ಚಲುವಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ಬ್ಯಾಡ ಬುಡು."

"ಯಾಕಣ್ಣ? ನಂಗೆ ನೆಡಕ್ಕೆ ಬರಲ್ವಾ?"

"ಬತ್ತದೆ. ನೀನ್ ರಜಕ್ ಬಂದಾಗ ನಿಮ್ಮಪ್ಪ ಕಲ್ಸಿದ್ದು ನಾನೇ ನೋಡಿವ್ನಿ. ನೀನ್ ಬಂದ್ರೆ ನಾನ್ ಅದ್ನ ಎಲ್ಲಿ ತೀರ್ಸ್ಲಿ ಏಳು? ನಿನ್ ಹೊಲ್ದಾಗೆ ಹನ್ನೆರಡಾಳು ತುಂಬ್ಕೊಂಡವ್ರೆ. ನಂಗೆ ನಿಂತ್ಕೊಳಕ್ಕೆ ಜಾಗ ಎಲ್ಲದೆ?"

ಆಗ ಶಶಿಕುಮಾರ ಆಡಬಾರದ ಮಾತೊಂದನ್ನು ಆಡಿಬಿಟ್ಟ. "ತೀರ್ಸ್‌ಬ್ಯಾಡಿ ಬುಡಿ, ಸುಮ್ನೆ ಬತ್ತೀನಿ."

ಚಲುವಯ್ಯನ ಮುಖ ಸಣ್ಣಗಾಯಿತು. "ಪುಕ್ಕಟೆ ಆಳು ತಕ್ಕೊಳ್ಳೋ ಮನೆ ನಮ್ದಲ್ಲ ಕಣಪ್ಪ," ಅಂದು ಬಲಗಡೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಎಂದಿನ ದನಿಯಲ್ಲೇ ಕರೆದರು. ಶಶಿಕುಮಾರ ಬೀದಿಯ ನಡುವೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡ.

ಬೆಳಿಗ್ಗೆ ಟೆಂಪೋ ಹೊರಡುವ ಮುಂಚೆಯೇ ಅವನು ಬೈಕಿನಲ್ಲಿ ರಾವಂದೂರಿನ ಕಬ್ಬಿಣದ ಅಂಗಡಿ ಮುಂದೆ ಇದ್ದ. ಹನ್ನೆರಡು ಜನ ಆಗಲೇ ಟೆಂಪೋ ಹತ್ತಿ ಕೂತಿದ್ದರು.

"ಸ್ವಾಮ್ಯೋರೆ, ಇವತ್ತು ಬರ್ಬೇಡಿ. ಇನ್ಮೇಲೂ ಬರ್ಬೇಡಿ. ಒಪ್ಪಂದ ಸಾಕು."

ವೀರಭದ್ರಸ್ವಾಮಿ ತಕ್ಕಡಿ ಕೆಳಗಿಟ್ಟರು. "ಯಾವ್ ಟೀಮು? ಎಷ್ಟು ಕೊಡ್ತಾರಂತೆ?"

"ಯಾವ್ ಟೀಮೂ ಅಲ್ಲ."

"ಸುಳ್ ಯೋಳ್ಬೇಡ ಶಶಿ. ದುಡ್ಡಿದ್ದೋರು ದುಡ್ಡು ಕೊಡ್ತೀವಿ ಅಂದಾಗ ನಾವ್ ಮೈ ಕೊಟ್ಟೋ ಕಣಯ್ಯ. ಇನ್ನೂ ಐದ್ ವರ್ಷ ಅದೆ. ನಮ್ ಕೂಲಿನೇ ಹತ್ ಲಕ್ಷದ ಮ್ಯಾಲೆ ಆಯ್ತದೆ. ಯಾರಾದ್ರೂ ಅಂಗೇ ಬುಟ್ಟೋಯ್ತಾರಾ?"

"ನಮ್ಮೂರಲ್ಲಿ ನನ್ನ ಯಾರೂ ಮುಯ್ಯಾಳಿಗೆ ಕರೀತಿಲ್ಲ ಸ್ವಾಮ್ಯೋರೆ," ಅಂದ ಶಶಿಕುಮಾರ. ಹೇಳಿದ ಮೇಲೆ ತನಗೇ ಇದು ಎಷ್ಟು ಸಣ್ಣ ಮಾತು ಅನ್ನಿಸಿ ಕಿವಿ ಬಿಸಿಯಾಯಿತು. ಹತ್ತು ಲಕ್ಷದ ಎದುರು ಇದೊಂದು ಕಾರಣವೇ?

ಸ್ವಾಮಿಯೋರು ಬಾಯಿ ತೆರೆಯುವ ಮುಂಚೆ ಟೆಂಪೋದೊಳಗಿಂದ ತೇಜಸ್ ಧುಮುಕಿದ. "ಸ್ವಾಮ್ಯೋರೆ, ಬಯ್ಬೇಡಿ, ನಾನೊಂದ್ ಯೋಳ್ತೀನಿ. ಕಪ್ಪಿಗೆ ಮುಂಚೆ ಹದಿನೈದ್ ದಿನ ಇವ್ನ ಹೊಲ್ದಾಗೆ ಸೊಪ್ಪು ಮುರ್ದು ಮುರ್ದು ಮೈದಾನದಾಗೆ ನಮ್ ಕಾಲೇ ಏಳಲ್ಲ. ಇವ್ನೊಬ್ಬ ಫ್ರೆಶ್ಶು. ಒಬ್ಬ ಫ್ರೆಶ್ಶಾಗಿದ್ರೆ ಗೆಲ್ಲಕ್ಕಾಯ್ತದಾ?"

"ಅದ್ಕೇ ನಿಂತ್ಬುಡ್ತೀರಾ?" ಶಶಿಕುಮಾರ ಕೇಳಿದ. "ಬಾಲು ಕೊಟ್ಟು ನಿಂತ್ಬುಡ್ತೀರ ಕಣ್ಲಾ. ನಾನ್ ತಿರುಗಿ ನೋಡಿದ್ರೆ ಒಬ್ರೂ ಇರಲ್ಲ."

ತೇಜಸ್ ತಲೆ ಕೆರೆದುಕೊಂಡ. "ನಿಜ ಯೋಳ್ಬೇಕು ಅಂದ್ರೆ, ಇಷ್ಟ್ ದುಡೀತೀವಲ್ಲ ಇವ್ನಿಗೆ, ಗೋಲು ಇವ್ನೇ ಹೊಡ್ಕೊಳ್ಳಿ ಅನ್ಸ್ತದೆ ಕಣಣ್ಣ."

ವೀರಭದ್ರಸ್ವಾಮಿ ಗಲ್ಲಾಪೆಟ್ಟಿಗೆಯ ತಳದಿಂದ ಒಪ್ಪಂದದ ಕಾಗದ ತೆಗೆದು, ಎರಡು ಸಲ ಓದಿ, ಮಡಚಿ ಶಶಿಕುಮಾರನ ಜೇಬಿಗೆ ತುರುಕಿದರು.

"ನಾವ್ ದುಡಿದ್ವಿ, ನೀನ್ ಆಡಿದೆ. ಅಲ್ಲಿಗ್ ಸರಿ. ಆಡಕ್ಕೆ ಬಾ ಅಂತ ಕೇಳ್ತೀನಿ, ಬರ್ಲೇಬೇಕು ಅನ್ನಕ್ಕಾಗಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು, "ನಾವೂ ಬರ್ದೆ, ನಿಮ್ಮೂರೋರೂ ಬರ್ದೆ ಓದ್ರೆ ಏನ್ ಮಾಡೀಯೆ?"

"ಗೊತ್ತಿಲ್ಲ," ಅಂದ ಶಶಿಕುಮಾರ.

ನಿಜಕ್ಕೂ ಗೊತ್ತಿರಲಿಲ್ಲ. ಮನೆಗೆ ಬಂದು ಹೇಳಿದಾಗ ಸಾಕಮ್ಮ ಮೊದಲು ನಕ್ಕಳು, ಆಮೇಲೆ ಬಯ್ದಳು. "ಅವ್ರನ್ನ ಬುಟ್ಟೆ, ಇವ್ರು ಕರೀಲಿಲ್ಲ. ಇನ್ನು ನಾನೂ ನೀನೂ ಉಳಿದ ಸಸಿ ಬಸ್ಸಾರು ಮಾಡ್ಕೊಂಡ್ ಉಣ್ಣಾನ." ಹಿತ್ತಲಲ್ಲಿ ಒಂದು ಎಕರೆಯ ಸಸಿ ಟ್ರೇಗಳಲ್ಲಿ ಹಾಗೇ ನಿಂತಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಬಲಿತು ಕೆಲಸಕ್ಕೆ ಬಾರದೆ ಹೋಗುತ್ತದೆ. ಅವನು ಇಡೀ ಮಧ್ಯಾಹ್ನ ಅವುಗಳಿಗೆ ನೀರು ಚಿಮುಕಿಸಿದ. ಸಂಜೆ ಬಾಗಿಲಲ್ಲಿ ಕೂತ. ಟೆಂಪೋ ಬರಲಿಲ್ಲ ಅಂತ ಊರಿಗೆಲ್ಲ ಗೊತ್ತಾಗಿತ್ತು. ಆದರೂ ಯಾರೂ ಬಂದು ಯಾಕೆ ಅಂತ ಕೇಳಲಿಲ್ಲ.

ಮಾರನೇ ದಿನ ಬೆಳಕು ಹರಿಯುವಾಗ ಚಲುವಯ್ಯನ ಹೊಲದಲ್ಲಿ ಹದಿನೈದು ಇಪ್ಪತ್ತು ಜನ ಸಾಲು ಹಿಡಿದಿದ್ದರು. ಮುಂದಿನ ಸಾಲಿನಲ್ಲಿ ಮರಮ್ಮ. ಎಷ್ಟೋ ವರ್ಷದಿಂದ ಊರಿನ ನಾಟಿಗಳಲ್ಲಿ ಮೊದಲ ಸಸಿ ನೆಡುವವಳು ಅವಳೇ. ಶಶಿಕುಮಾರ ಬದುವಿನ ಮೇಲೆ ಬಂದು ನಿಂತ. ಕರೆಯದೆ ಬಂದವನು. ಸಾಲಿನವರೆಲ್ಲ ತಲೆ ಎತ್ತಿ ನೋಡಿದರು. ಪೆನಾಲ್ಟಿ ಹೊಡೆಯುವಾಗಲೂ ಅವನು ಇಷ್ಟು ಹೆದರಿರಲಿಲ್ಲ.

"ಚಲುವಯ್ಯಣ್ಣ, ರಾವಂದೂರೋರು ಇನ್ ಬರಲ್ಲ. ನಂದು ಒಂದ್ ಎಕರೆ ಅಂಗೇ ಬಿದ್ದದೆ. ಇವತ್ತು ನಾನ್ ನಿಮ್ಗೆ ಬತ್ತೀನಿ, ನಾಳೆ ನೀವ್ ನಂಗೆ ಬರ್ಬೇಕು. ಬರ್ದೆ ಓದ್ರೆ ನಿಮ್ ಬಾಗ್ಲಿಗ್ ಬಂದು ಬಯ್ತೀನಿ."

ಚಲುವಯ್ಯ ಕೈಗೆ ಅಂಟಿದ ಮಣ್ಣು ಉದುರಿಸಿ, ಬದು ಹತ್ತಿ, ಪಕ್ಕದ ಹೊಲದ ಕಡೆ ನೋಡಿದರು. ಎರಡು ಎಕರೆ ಹಸಿರು ಚುಕ್ಕಿ, ಆಮೇಲೆ ಬರೀ ಕೆಂಪು ಮಣ್ಣು. ಅಲ್ಲಿ ನಿಲ್ಲೋದಕ್ಕೆ ಜಾಗ ಬೇಕಾದಷ್ಟಿತ್ತು.

"ಬಯ್ತೀಯಾ?"

"ಬಯ್ತೀನಿ."

"ಒಬ್ಬಾಳ್ ಬಂದ್ರೆ ಒಬ್ಬಾಳೇ ತೀರ್ಸಾದು. ನಾನೊಬ್ನೇ ಬರಾದು. ಮಿಕ್ಕೋರ್ದು ನಂಗೊತ್ತಿಲ್ಲ."

"ಒಬ್ರೇ ಬನ್ನಿ."

"ಆ ಕೊನೇ ಸಾಲು ಇಡ್ಕೊ ಓಗು."

ಕೊನೆಯ ಸಾಲಿನ ಪಕ್ಕ ಯಾರೂ ಇರಲಿಲ್ಲ. ಎರಡು ವರ್ಷ ಬಗ್ಗದ ಸೊಂಟ, ಹತ್ತು ಗುಳಿ ದಾಟುವಷ್ಟರಲ್ಲಿ ಹಿಡಿದುಕೊಂಡಿತು. ಉಳಿದವರು ಮತ್ತೆ ಮಾತಿಗೆ ಬಿದ್ದು, ನಗುತ್ತಾ, ನೆಡುತ್ತಾ ಮುಂದೆ ಮುಂದೆ ಹೋದರು. ಅವರ ಮಾತಿನ ತುಣುಕುಗಳು ಅವನ ತನಕ ಬರುತ್ತಿದ್ದವು, ಆದರೆ ಯಾರ ಬಗ್ಗೆ, ಯಾಕೆ ನಗುತ್ತಿದ್ದಾರೆ ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಎರಡು ವರ್ಷದ ಸುದ್ದಿ ತಪ್ಪಿಹೋಗಿತ್ತಲ್ಲ.

ಬಿಸಿಲೇರುವ ಹೊತ್ತಿಗೆ ಮರಮ್ಮ ನೀರಿನ ಬಿಂದಿಗೆ ಹೊತ್ತು ಅವನ ಸಾಲಿನ ಪಕ್ಕ ಹಾದುಹೋಗುತ್ತಿದ್ದವಳು ತಟ್ಟನೆ ನಿಂತಳು. ಬಗ್ಗಿ ಒಂದು ಸಸಿ ಅಲುಗಾಡಿಸಿದಳು.

"ಏನ್ಲಾ ಇದು? ಮ್ಯಾಲ್ ಮ್ಯಾಲೆ ಸಿಗಾಕ್ಸಿದ್ದೀಯ, ಸಂಜೆಗೆಲ್ಲಾ ಮಲಗ್‌ಬುಡ್ತವೆ. ನಿಂಗೆ ಕುರ್ಚಿನೇ ಸರಿ ಕಣ್ಲಾ. ಎಲ್ಲಾನೂ ಕಿತ್ತು ತಿರ್ಗಾ ನೆಡು. ಅದಾಗೋ ಗಂಟ ನಿಂಗೆ ಮುದ್ದೆ ಇಲ್ಲ!"

"ಊ ಕಣಕ್ಕ," ಅಂದ ಶಶಿಕುಮಾರ. ಎರಡು ವರ್ಷದಲ್ಲಿ ಊರಿನವರು ಅವನನ್ನು ಬಯ್ದದ್ದು ಇದೇ ಮೊದಲು.

ಅವಳು ತಿರುಗಿ ನೋಡದೆ ನಡೆದಳು. ಉಳಿದವರೆಲ್ಲ ಹೊಲದ ಆ ತುದಿ ಮುಟ್ಟಿದ್ದರು. ಶಶಿಕುಮಾರ ಈ ತುದಿಗೆ ವಾಪಸ್ಸು ನಡೆದು ಬಂದು, ಒಬ್ಬನೇ ಮಂಡಿಯೂರಿ, ಮೊದಲನೇ ಸಸಿ ಕಿತ್ತ.