ಮರಳಿನ ಮನೆಮಂದಿಯನ್ನು ದಿಣ್ಣೆ ಇಳಿಸುವವನು

ಬೆಳಗಿನ ಐದೂವರೆ. ಮೋಟಾರು ಕಾರ್ಖಾನೆಗಳ ಊರಾದ ಕಾವೆಂಟ್ರಿಯಿಂದ ಇಪ್ಪತ್ತು ಮೈಲಿಯಾಚೆ, ಬೆಲ್‌ಮನ್ ದಿಣ್ಣೆಯ ಮಂಜಿನೊಳಗಿಂದ ಮೋಟಾರು ಗಾಡಿಯೊಂದು ಏರಿ ಬರುತ್ತಿದೆ. ಅದಕ್ಕೆ ಮೈಯಿಲ್ಲ. ಬಾಗಿಲು, ಚಾವಣಿ, ಬಣ್ಣ ಒಂದೂ ಇಲ್ಲ; ನಾಲ್ಕು ಗಾಲಿಯ ಮೇಲೆ ಬರೀ ಎಲುಬಿನ ಗೂಡು. ಮುಂದೆ ಹಲಗೆ ಪೆಟ್ಟಿಗೆಯ ಮೇಲೆ ಈನಕ್ ಹಾರ್ಬಿಜ್ ಕೂತಿದ್ದಾನೆ. ಅವನ ಪಕ್ಕದಲ್ಲಿ ಒಂದು, ಬೆನ್ನ ಹಿಂದೆ ಮೂರು, ಪಟ್ಟಿ ಬಿಗಿದು ಕೂರಿಸಿದ ಮರಳುಚೀಲಗಳು. ಯಜಮಾನ, ಹೆಂಡತಿ, ಎರಡು ಮಕ್ಕಳು.

ಗಾಡಿ ಕೊಳ್ಳುವವರ ತೂಕ ಕೇಳಿಕೊಂಡು ಅಷ್ಟೇ ಮರಳು ತುಂಬಿ ಓಡಿಸುವುದು ಇಲ್ಲಿನ ಟೆಸ್ಟರುಗಳ ರೂಢಿ. ಇವತ್ತಿನ ಅತಿ ಚಿಕ್ಕ ಚೀಲ ಮೂವತ್ತೆಂಟು ಪೌಂಡು.

"ಇಳಿಯೋವಾಗ ಹಿಂದಕ್ಕೆ ತಿರುಗಿ ನೋಡಬಾರ್ದು," ಎನ್ನುತ್ತಾನೆ ಈನಕ್. "ಬ್ರೇಕ್ ಒತ್ತಿದ್ರೆ ಎಲ್ರೂ ಮುಂದಕ್ಕೆ ಬಾಗ್ತಾರೆ. ಕಿವಿಯಲ್ಲಿ ಏನೋ ಹೇಳೋ ಹಾಗೆ."

ಹನ್ನೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಐವತ್ತು ಮೈಲಿ, ಮಳೆಯಿರಲಿ ಹಿಮವಿರಲಿ. ಗಾಲಿಯ ಮೇಲಿನ ಕಮಾನಿನಲ್ಲಿ ಏಳು ಉಕ್ಕಿನ ಪಟ್ಟಿ. ಯಾವುದು ಬಿರುಕು ಬಿಟ್ಟಿದೆಯೆಂದು ಅವನ ಬೆನ್ನುಮೂಳೆ ಹೇಳುತ್ತದೆ. ಆ ವಿದ್ಯೆಗೆ ತೆತ್ತ ಬೆಲೆ, ಚಳಿಗಾಲದಲ್ಲಿ ಮೂತ್ರದ ಜೊತೆ ಬರುವ ರಕ್ತ. ಕಾರ್ಖಾನೆಯ ಗೋಡೆಯ ಮೇಲೆ ಮಾಲೀಕರ ಹೆಸರು ಆಳೆತ್ತರಕ್ಕಿದೆ. ಟೆಸ್ಟರ್ ಉಳಿಸುವುದು, ಗಾಡಿ ಸರಿಯಿದೆಯೆಂದು ಚೌಕಟ್ಟಿನ ಮೇಲೆ ಎಳೆದ ಸೀಮೆಸುಣ್ಣದ ಒಂದು ಗೀಟು. ಬಣ್ಣ ಬಳಿದರೆ ಅದೂ ಮಾಯ.

ಮೂರನೇ ತಿರುವಿನಲ್ಲಿ ಎರಡು ವರ್ಷದ ಹಿಂದೆ ವಾಲ್ಟರ್ ಪೆಗ್ ಎಂಬ ಟೆಸ್ಟರ್ ಸತ್ತ. 'ಚಾಲಕನ ಅಜಾಗರೂಕತೆ' ಎಂದು ಬರೆದು ಕಂಪನಿ ಕೈತೊಳೆದುಕೊಂಡಿತು. ಸತ್ತವನು ಎದುರು ವಾದಿಸುವುದುಂಟೆ! ಅವನ ಹೆಂಡತಿ ಹೆಟ್ಟಿ ದಿಣ್ಣೆಯ ಬುಡದಲ್ಲೇ ಇದ್ದಾಳೆ. ಈ ಚೀಲಗಳನ್ನು ಹೊಲಿಯುವವಳು ಅವಳೇ.

ಬ್ರೇಕನ್ನು ಒಂದೇ ಸಲ ಪರೀಕ್ಷಿಸಿದರೆ ಸಾಕೆಂಬುದು ಕಂಪನಿಯ ಅಪ್ಪಣೆ. ಈನಕ್ ಮೂರು ಸಲ ಇಳಿಸುತ್ತಾನೆ. ಬ್ರೇಕಿನ ಒಳಗೆ ಉಜ್ಜಿ ಗಾಲಿಯನ್ನು ತಡೆಯುವ ಒಂಟೆಕೂದಲ ಪಟ್ಟಿ ಕಾದಾಗ ಏನು ಮಾಡುತ್ತದೆಂಬುದು ಆಗಲೇ ತಿಳಿಯುವುದು.

ಇಂದು ಮೂರನೇ ಸಲ. ತಿರುವು ಇನ್ನೂ ದೂರವಿದೆ, ಪೆಡಲಿನ ಮೇಲೆ ಕಾಲಿಟ್ಟಿಲ್ಲ. ಆಗಲೇ ಕೂದಲು ಸುಟ್ಟ ವಾಸನೆ. ಈನಕ್ ಒತ್ತುತ್ತಾನೆ. ಪೆಡಲು ನೆಲಕ್ಕಂಟುತ್ತದೆ, ಗಾಡಿ ನಿಲ್ಲುವುದಿಲ್ಲ. ಕೈಬ್ರೇಕಿಗೂ ಜಗ್ಗುವುದಿಲ್ಲ. ಅವನು ಗಾಡಿಯನ್ನು ರಸ್ತೆಯಂಚಿನ ಮಣ್ಣಿನ ದಿಬ್ಬಕ್ಕೆ ಗುದ್ದಿಸುತ್ತಾನೆ. ಚಿಕ್ಕ ಚೀಲ ಪಟ್ಟಿ ಕಿತ್ತುಕೊಂಡು ಹಾರಿ ಬಿದ್ದು ಹರಿಯುತ್ತದೆ.

ಸದ್ದು ಕೇಳಿ ಹೆಟ್ಟಿ ಓಡಿ ಬರುತ್ತಾಳೆ. "ಬದುಕಿದೀಯೇನೋ, ಮುದಿ ಗೂಬೆ?"

"ನಿನ್ನ ಹೊಲಿಗೆ ಸರಿಯಿಲ್ಲ ಮಾರಾಯ್ತಿ," ಎಂದು ಅವನು ನಗಲು ನೋಡುತ್ತಾನೆ.

ಹೆಟ್ಟಿ ಚೀಲ ಎತ್ತಿಕೊಂಡು ಗಕ್ಕನೆ ನಿಲ್ಲುತ್ತಾಳೆ. ಸುತ್ತ ಕಬ್ಬಿಣವನ್ನೂ ಕೊರೆಯುವ ಚಳಿ. "ಈನಕ್... ಇದು ಬೆಚ್ಚಗಿದೆ."

ಅವಳು ತನ್ನ ಶಾಲನ್ನು ಅದಕ್ಕೆ ಸುತ್ತಿ ಅವನ ಕೈಗೆ ಕೊಡುತ್ತಾಳೆ.

ತಣ್ಣಗಾದ ಮೇಲೆ ಬ್ರೇಕು ಏನೂ ಆಗದಂತೆ ಮತ್ತೆ ಹಿಡಿಯುತ್ತದೆ. ಮೋಸವಿರುವುದೇ ಅಲ್ಲಿ. ಕಾರ್ಖಾನೆಯ ಅಂಗಳದಲ್ಲಿ ಮೇಸ್ತ್ರಿ ಕ್ರಿಚ್ಲೋ ಒಮ್ಮೆ ಒತ್ತಿ ನೋಡಿ ಗುಡುಗುತ್ತಾನೆ: "ಹಿಡೀತಾ ಇದೆಯಲ್ಲಯ್ಯಾ! ಸಂಜೆಗೆ ಗಾಡಿ ಮೈ ಕಟ್ಟೋಕೆ ಹೋಗ್ಬೇಕು. ಗೀಟು ಎಳಿ."

ಗಂಟೆ ಕಳೆದ ಮೇಲೆ ಮೇಸ್ತ್ರಿಯ ಕೋಣೆಯಲ್ಲಿ ಉತ್ತರ ಬರುತ್ತದೆ: "ಎಳೆಯೋಲ್ಲ ಸಾರ್." ಈನಕ್ ಶಾಲಿನ ಗಂಟನ್ನು ಮೇಜಿನ ಮೇಲಿಡುತ್ತಾನೆ. "ಇದು ಹಿಂದಿನ ಸೀಟಿನ ಚಿಕ್ಕದು."

"ಮರಳು ಕಣೋ ಇದು!"

"ಇವತ್ತು ಮರಳು."

ಕ್ರಿಚ್ಲೋ ಅದನ್ನು ತಳ್ಳಲು ಕೈಯಿಟ್ಟವನು ಥಟ್ಟನೆ ಹಿಂತೆಗೆಯುತ್ತಾನೆ. ಅಂಗೈಯನ್ನು ಕೋಟಿಗೆ ಒರೆಸಿಕೊಂಡು ಹೇಳುತ್ತಾನೆ: "ಗೀಟು ಎಳೆಯೋಕೆ ಇನ್ನೊಬ್ಬ ಸಿಗ್ತಾನೆ. ನಾಳೆಯಿಂದ ಬರ್ಬೇಡ."

"ಸಿಗ್ತಾನೆ ಸಾರ್. ಆದ್ರೆ ಇಲ್ಲಿಗೆ ಬರೋ ಮುಂಚೆ ಎರಡೂ ಬ್ರೇಕಿನ ಪಟ್ಟಿ ಬಿಚ್ಚಿ ಕುಲುಮೆಗೆ ಹಾಕ್ಬಿಟ್ಟೆ. ಹೊಸದು ಹಾಕ್ದೆ ಅದು ಗೇಟು ದಾಟಲ್ಲ."

ಇಷ್ಟು ಮಾಡಿದವನಿಗೆ ಸನ್ಮಾನವಿಲ್ಲ, ಬೀದಿಯಿದೆ. ಗೇಟಿನ ಹೊರಗೆ ನಿಂತು ಕುಲುಕಾಟ ತಡೆಯಲೆಂದು ಸೊಂಟಕ್ಕೆ ಬಿಗಿದಿದ್ದ ಚರ್ಮದ ಪಟ್ಟಿ ಸಡಿಲಿಸಿಕೊಳ್ಳುತ್ತಿರುವ ಈನಕ್‌ಗೆ, ಇನ್ನೇನು ಬೇಕೆಂದು ಕೇಳಿದರೆ ಹೀಗೆನ್ನುತ್ತಾನೆ:

"ಆ ಗಾಡಿ ಕೊಳ್ಳೋ ಮನೆಯವ್ರಿಗೆ ನನ್ನ ಹೆಸರು ಗೊತ್ತಾಗೋದು ಬೇಡ. ಟೆಸ್ಟರ್ ಯಾರು ಅಂತ ಕೇಳ್ಕೊಂಡು ಹನ್ನೊಂದು ವರ್ಷದಲ್ಲಿ ಒಬ್ರೂ ಬಂದಿಲ್ಲ. ಅಂದ್ರೆ ಎಲ್ರೂ ಮನೆ ಸೇರಿದಾರೆ."