ಬೀಗರು ಎರಚಿದ ಭಂಡಾರ

ನಾಳೆ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕು. ಆಸ್ಪತ್ರೆಗೆಂದು ಬಿಳಿ ಅಂಗಿ ತೆಗೆದರೆ ಕೊರಳಪಟ್ಟಿಯ ಮೇಲೆ ಅದೇ ಹಳದಿ ಕಲೆ, ನನ್ನಾಕೆ ಉಜ್ಜಿ ಉಜ್ಜಿ ಸೋತದ್ದು. "ಆಪರೇಷನ್ ಏನ್ ದೊಡ್ಡದು?" ಎಂದು ಎರಡು ದಿನದಿಂದ ಮನೆತುಂಬ ಜಂಬ ಕೊಚ್ಚುತ್ತಿದ್ದೇನೆ. ನಿಮ್ಮೆದುರು ಸುಳ್ಳೇಕೆ? ಎದೆ ಡವಗುಟ್ಟುತ್ತಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಬೀಜದಂಗಡಿ. ಮೆಕ್ಕೆಜೋಳದ ಬೀಜ ಚೆನ್ನಾಗಿ ಮಾರಿದೆನೆಂದು ಕಂಪನಿಯವರೊಮ್ಮೆ ಕಚ್ಛ್ ಕಡಲತೀರ ಸುತ್ತಿಸಲು ಕರೆದರು, ಅದೂ ನಾಲ್ಕೇ ಸೀಟಿನ ವಿಮಾನದಲ್ಲಿ. ಜೊತೆಗೊಬ್ಬರು ಬರಬಹುದಿತ್ತು. ನನ್ನಾಕೆ ಸುತರಾಂ ಒಪ್ಪಲಿಲ್ಲ. ಮಾಗಳದ ಕೊಟ್ರಪ್ಪನವರು ಹೊರಟರು. ಅವರ ಮಗಳು ನಮ್ಮ ಸೊಸೆ. ಬೀಗರ ಮುಂದೆ ಸೀನುವಾಗಲೂ ಮರ್ಯಾದೆ ನೋಡುವ ಜನ ನಾವು, ಹೆದರಿಕೆಯನ್ನು ತೋರಿಸುವುದುಂಟೇ?

"ನಮ್ಮೂರ ಟಂಟಂ ಆಟೋ ಇದಕಿಂತ ಹೆಚ್ಗಿ ಕುಣಸ್ತೈತಿ ಬಿಡ್ರಿ," ಎಂದರು ಬೀಗರು, ಬೆಲ್ಟು ಬಿಗಿಯುತ್ತ. ನಾನೂ ನಕ್ಕೆ. ಮೇಲೇರಿದ ಮೇಲೆ ನೋಡಿದರೆ ಕೆಳಗೆ ಊರಿಲ್ಲ, ರಸ್ತೆಯಿಲ್ಲ. ಬರೀ ಉಪ್ಪಿನ ಬಯಲು, ಕೆಸರು, ನೀರು. ನಮ್ಮ ತಂಬ್ರಹಳ್ಳಿ ಕಡೆಯ ಅಣೆಕಟ್ಟಿನ ಹಿನ್ನೀರಿಗೆ ಆಚೆ ದಡವಾದರೂ ಇದೆ. ಇದಕ್ಕೆ ಅದೂ ಇರಲಿಲ್ಲ.

ಇದ್ದಕ್ಕಿದ್ದಂತೆ ವಿಮಾನ ದಡಕ್ಕನೆ ಕುಸಿಯಿತು. ಬೀಗರು ಬನಿಯನ್ ಜೇಬಿನಿಂದ ಪೊಟ್ಟಣ ತೆಗೆದವರೇ "ಏಳು ಕೋಟಿಗೋ!" ಎಂದು ಮೈಲಾರಲಿಂಗನ ಭಂಡಾರ ಎರಚಿಬಿಟ್ಟರು. ಮೈಲಾರದಲ್ಲಿ ಆ ಅರಿಶಿನಪುಡಿ ಎರಚಲು ಬಯಲಿದೆ. ಇಲ್ಲಿದ್ದದ್ದು ಮುಚ್ಚಿದ ಡಬ್ಬಿ. "ಚಾಂಗಮಲೋ!" ಎಂದು ಯಾರೋ ಅದಕ್ಕೆ ಮರುಘೋಷ ಕಿರುಚಿದರು. ನೋಡಿದರೆ ಅದು ನಾನೇ.

ಒಳಗೆಲ್ಲ ಹಳದಿ. ಪೈಲಟ್ ಹುಡುಗಿ ಸೀನುತ್ತಲೇ ಹಿಂದಿಯಲ್ಲಿ ಗದರಿದಳು. ಅವಳ ಮುಂದಿನ ಗಾಜನ್ನು ಟವೆಲ್ಲಿನಿಂದ ಒರೆಸಿದೆ. ಅಂತೂ ಕಡಲ ದಂಡೆಯಲ್ಲಿ ಚಕ್ರ ನೆಲ ಮುಟ್ಟಿತು.

ಇಳಿದು ಇಬ್ಬರೂ ಮರಳಿನಲ್ಲಿ ಕೂತೆವು.

"ಖರೇ ಹೇಳ್ತೀನ್ರಿ ಬೀಗರ, ಹತ್ತೋಕಿಂತ ಮೊದ್ಲ ಜೀವ ಬಾಯಿಗೆ ಬಂದಿತ್ತು. ನೀವು ಕಲ್ಲಿನಂಗ ಕುಂತಿದ್ರಿ, ಹೆಂಗ ಹೇಳ್ಳಿ?" ಎಂದರು ಬೀಗರು.

"ನಾನು ನಿಮ್ಮನ್ನ ನೋಡೇ ಹಂಗ ಕುಂತಿದ್ನಿರಿ!"

ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಬಯ್ಯಲು ಬಂದ ಹುಡುಗಿಯೂ ಹಳದಿ ಹುಬ್ಬಿನಲ್ಲೇ ನಕ್ಕಳು. ಸಮುದ್ರವನ್ನು ಸರಿಯಾಗಿ ನೋಡಿದ್ದು ಆಗಲೇ. ವಾಪಸು ಬರುವಾಗ ದಾರಿಯುದ್ದಕ್ಕೂ ಬೀಗರ ಕೈ ಹಿಡಿದುಕೊಂಡಿದ್ದೆ, ನಾಚಿಕೆಯಿಲ್ಲದೆ.

ಅಂಗಿಯನ್ನು ಮಂಚದ ಮೇಲಿಟ್ಟು ಮಾಗಳಕ್ಕೆ ಫೋನ್ ಹಚ್ಚಿದೆ.

"ಬೀಗರ, ನಾಳಿ ಕಣ್ಣಿನ ಆಪರೇಷನ್. ಹೆದರಿಕಿ ಆಗೈತ್ರಿ."

"ಮುಂಜಾನಿ ಮೊದ್ಲನೇ ಬಸ್ಸಿಗೆ ಬರ್ತೀನಿ ತಗೋರಿ. ಪೊಟ್ಟಣ ಮನ್ಯಾಗ ಇಟ್ಟು ಬರ್ತೀನಿ, ಕೈ ಅಷ್ಟ ತರ್ತೀನಿ."

ಎದೆ ಹಗುರಾಯಿತು. ಕಲೆಯ ಅಂಗಿಯನ್ನೇ ನಾಳೆಗೆಂದು ಗೂಟಕ್ಕೆ ಹಾಕಿದೆ.