ಹಿಂದಿ ಟೀಚರ್ ಸರ್ಜನ್‌ಗೆ ಕೇಳಿದ ಪ್ರಶ್ನೆ

ಹೊಸನಗರದ ಶಾಲೆಯಲ್ಲಿ ನನ್ನ ಜೊತೆಗಿದ್ದ ಹಿಂದಿ ಟೀಚರ್ ಒಂದು ಕಡೆ ಕೂತವರಲ್ಲ. ಸ್ಟಾಫ್ ರೂಮಿನಲ್ಲೂ ಬಳೆ ತಿರುಗಿಸುತ್ತಾ ನಿಂತು, ಯಾರ ಮಾತು ಉದ್ದವಾದರೂ "ಮುಂದೆಂತ ಹೇಳಿ" ಅನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಅವರ ಎರಡೂ ಕಾಲು ಊದಿಕೊಂಡವು. ಸಾಗರದ ಡಾಕ್ಟರು ಮಂಗಳೂರಿಗೆ ಕಳಿಸಿದರು. ಕಾಲಿನ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳದ ಗೋಡೆಯಲ್ಲೇ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ನಾಳದ ಸಮೇತ ಕತ್ತರಿಸಿ ತೆಗೆಯಬೇಕು, ಆಗ ಜೀವವೇ ಹೋಗಬಹುದು ಎಂದರು ಅಲ್ಲಿನ ಸರ್ಜನ್.

"ಇದೆಲ್ಲಾ ಬ್ಯಾಡ, ಊರಿಗೆ ಹೋಗಾಣ" ಎಂದು ಗಂಡ ಎದ್ದೇಬಿಟ್ಟರು. ಟೀಚರ್ ಏಳಲಿಲ್ಲ.

"ಇಂಥದ್ದು ಮೊದ್ಲು ಮಾಡಿದೀರಾ ಡಾಕ್ಟ್ರೇ?"

"ಇಲ್ಲಮ್ಮ. ನೋಡಿದ್ದೇ ಇದು ಮೊದಲು."

"ನಿಜ ಹೇಳಿದ್ರಲ್ಲ, ಹಂಗಾದ್ರೆ ನೀವೇ ಮಾಡಿ. ಮುಂದೆಂತ ಹೇಳಿ."

ಆಪರೇಷನ್ ದಿನ ಅವರ ಗಂಡನೂ ನಾನೂ ಬಾಗಿಲ ಹೊರಗೆ ಅತ್ತಿತ್ತ ಓಡಾಡುತ್ತಲೇ ಇದ್ದೆವು. ತಂದ ಕಾಫಿಯನ್ನು ಕುಡಿಯಲಾಗಲಿಲ್ಲ. ಸಂಜೆ ಹೊರಬಂದ ಸರ್ಜನ್ ಬೆಂಚಿನ ಮೇಲೆ ಕುಸಿದು ಕೂತರು. ಅವರ ಮುಖ ನೋಡಿ ಗಂಡ ಅಳತೊಡಗಿದರು.

"ಅಳಬೇಡಿ, ಬದುಕಿದ್ದಾರೆ. ನನಗೊಂದು ಲೋಟ ನೀರು ಕೊಡಿ" ಎಂದರು ಸರ್ಜನ್. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು.

ಜೂನ್‌ನಲ್ಲಿ ಶಾಲೆ ತೆರೆದಾಗ ಟೀಚರ್ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ತರಗತಿಗೆ ಹೋದರು.